ನಿರೀಕ್ಷೆ ಅಂದರೆ ಸದಾ ನಗುಮುಖದಲ್ಲಿರುವುದಲ್ಲ

ಕೆಲಸ ಹೋಗಿದೆ, ಮನೆಯಲ್ಲಿ ಕಾಯಿಲೆ, ಎಷ್ಟು ಪ್ರಾರ್ಥನೆ ಮಾಡಿದರೂ ಏನೂ ಬದಲಾಗಿಲ್ಲ, ಇಂಥ ಹೊತ್ತಲ್ಲಿ ಕ್ರೈಸ್ತನಾಗಿ ನಿರೀಕ್ಷೆ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಮೊದಲನೆಯದಾಗಿ, ನಿಮ್ಮ ಬೇಸರವನ್ನು ದೇವರಿಂದ ಮುಚ್ಚಿಡಬೇಡಿ. ಸತ್ಯವೇದದ, ಅಂದರೆ ಬೈಬಲಿನ, 13ನೇ ಕೀರ್ತನೆ ಶುರುವಾಗುವುದೇ ‘ಇನ್ನೆಷ್ಟು ಕಾಲ’ ಅನ್ನುವ ದೂರಿನಿಂದ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿದುಹೋಗುತ್ತದೆ. ಸಮಾಧಾನದ ಒಂದು ಸಾಲೂ ಕೊನೆಗೆ ಸಿಗುವುದಿಲ್ಲ. ಆದರೂ ಅದು ಸತ್ಯವೇದದಲ್ಲಿದೆ, ಅಲ್ವಾ? ನನ್ನ ತಾಯಿ ಹಾಸಿಗೆ ಹಿಡಿದಿದ್ದಾಗ ನನ್ನದೇ ಮಾತಲ್ಲಿ ಪ್ರಾರ್ಥಿಸಲು ಆಗುತ್ತಿರಲಿಲ್ಲ. ರಾತ್ರಿ ಆ ಕೀರ್ತನೆಯನ್ನೇ ಜೋರಾಗಿ ಓದುತ್ತಿದ್ದೆ.

ಈಗ ಪ್ರವಾದಿ ಯೆರೆಮೀಯನ ಪುಸ್ತಕದ 29:11. ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವುದೇ ನನ್ನ ಯೋಚನೆ ಎಂದು ದೇವರು ಹೇಳುವ ವಚನ. ಕಷ್ಟ ಬಂದವರಿಗೆಲ್ಲ ಜನ ಈ ವಚನ ಕಳಿಸುತ್ತಾರೆ. ಒಳ್ಳೆಯ ವಚನವೇ. ಆದರೆ ಅದಕ್ಕೂ ಹಿಂದಿನ ವಚನದಲ್ಲಿ 70 ವರ್ಷದ ಮಾತಿದೆ. ಬಾಬೆಲಿಗೆ, ಅಂದರೆ ಬ್ಯಾಬಿಲೋನಿಗೆ, ಸೆರೆ ಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಪತ್ರ ಅದು. ಕೇಳಿಸಿಕೊಂಡವರಲ್ಲಿ ಎಷ್ಟೋ ಜನ ವಾಪಸ್ ಬರುವಷ್ಟು ದಿನ ಬದುಕುವಂತಿರಲಿಲ್ಲ. ಅವರಿಗೆ ಸಿಕ್ಕ ಅಪ್ಪಣೆ ಏನು? ಮನೆ ಕಟ್ಟಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿ.

ನನಗೆ ಜಾಸ್ತಿ ಹಿಡಿಸುವುದು ಅದೇ ಪುಸ್ತಕದ 32ನೇ ಅಧ್ಯಾಯ. ಕ್ರಿ.ಪೂ. 587ರ ಸುಮಾರಿಗೆ ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಯೆರೆಮೀಯ ಕಾವಲಿನಲ್ಲಿದ್ದಾನೆ. ಊರು ಬೀಳುತ್ತದೆ ಎಂದು ಹೇಳಿದವನೇ ಅವನು. ಆಗಲೇ ಚಿಕ್ಕಪ್ಪನ ಮಗ ಬಂದು, ಅವರ ಊರಾದ ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ನಾಳೆ ಶತ್ರುವಿನ ಪಾಲಾಗುವ ಹೊಲ! ಯೆರೆಮೀಯ 17 ಶೆಕೆಲ್ (ಆ ಕಾಲದ ತೂಕದ ಅಳತೆ) ಬೆಳ್ಳಿ ತೂಗಿ ಕೊಡುತ್ತಾನೆ. ಸಾಕ್ಷಿಗಳ ಮುಂದೆ ಸಹಿ ಹಾಕಿ, ಕ್ರಯಪತ್ರಗಳು ಬಹುಕಾಲ ಉಳಿಯಲಿ ಎಂದು ಮಣ್ಣಿನ ಪಾತ್ರೆಯಲ್ಲಿ ಇಡಿಸುತ್ತಾನೆ. ಆಮೇಲೆ ಅವನೇ ದೇವರನ್ನು ಕೇಳುತ್ತಾನೆ: ಊರೇ ಕೈಬಿಟ್ಟು ಹೋಗುತ್ತಿರುವಾಗ ಹೊಲ ಕೊಳ್ಳು ಅಂದೆಯಲ್ಲ? ಅವನಿಗೂ ಅರ್ಥವಾಗಿರಲಿಲ್ಲ. ಆದರೆ ವ್ಯವಹಾರ ಮುಗಿಸಿಯೇ ಕೇಳಿದ.

ಹಾಗಾಗಿ ನನ್ನ ಲೆಕ್ಕದಲ್ಲಿ ನಿರೀಕ್ಷೆ ಅನ್ನುವುದು ಮನಸ್ಸಿನ ಉತ್ಸಾಹವಲ್ಲ. ಮುಂದೆ ದಿನಗಳಿವೆ ಎಂದು ನಂಬಿ ಇವತ್ತು ಮಾಡುವ ಒಂದು ಕೆಲಸ. ತಾಯಿ ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ನಾನು ಅರ್ಧಕ್ಕೆ ಬಿಟ್ಟಿದ್ದ ಪರೀಕ್ಷೆಗೆ ಫೀಸು ಕಟ್ಟಿದೆ. ಓದುವ ಮನಸ್ಸು ಒಂಚೂರೂ ಇರಲಿಲ್ಲ. ನಿಮಗೆ ಅದು ಇನ್ನೊಂದು ಕೆಲಸದ ಅರ್ಜಿ ಇರಬಹುದು, ಮುಂದೂಡುತ್ತಾ ಬಂದ ಒಂದು ಫೋನ್ ಕರೆಯೂ ಇರಬಹುದು.

ದೇಹವನ್ನೂ ನೋಡಿಕೊಳ್ಳಿ. ಸಾಯಬೇಕು ಅಂದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಏಳು, ತಿನ್ನು ಅಂದ. ತಿಂದು ಮತ್ತೆ ಮಲಗಿದವನನ್ನು ಇನ್ನೊಮ್ಮೆ ಎಬ್ಬಿಸಿ ತಿನ್ನಿಸಿದ, ಅಷ್ಟೇ. ನಿದ್ದೆ, ಊಟ ಎರಡೂ ಕೆಟ್ಟು ವಾರಗಟ್ಟಲೆ ಆಗಿದ್ದರೆ ವೈದ್ಯರ ಹತ್ತಿರ ಹೋಗಿ. ವಿಶ್ವಾಸ ಕಡಿಮೆ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡಿ. ಸಭೆಯಲ್ಲಿ ‘ಪ್ರಾರ್ಥಿಸಿ’ ಎಂದು ಸುಮ್ನೆ ಹೇಳುವ ಬದಲು, ನೀವು ನಂಬುವ ಒಬ್ಬರಿಗೆ ಏನು ಬೇಕೋ ಬಿಡಿಸಿ ಹೇಳಿ: ಈ ಭಾನುವಾರ ಎರಡು ಗಂಟೆ ರೋಗಿಯ ಪಕ್ಕ ಕೂತುಕೊಳ್ಳುತ್ತೀರಾ, ನಾನು ಸ್ವಲ್ಪ ಮಲಗುತ್ತೇನೆ ಅಂತ.