ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ವೆಬ್‌ಡ್ಯಾವ್ (ಸರ್ವರ್‌ನಲ್ಲಿರುವ ಕಡತಗಳನ್ನು ದೂರದಿಂದಲೇ ತಿದ್ದುವ ವ್ಯವಸ್ಥೆ) ಸ್ಥಾಪಿಸಿದ ಮೇಲೂ ಪುಟ ತೆರೆಯುತ್ತದೆ, ತಿದ್ದಿದ್ದು ಮಾತ್ರ ಸೇವ್ ಆಗುವುದಿಲ್ಲ, ಏಕೆ?

ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಕಾರಣ ಫೋಲ್ಡರಿನ ಅನುಮತಿ. ದಾವಣಗೆರೆಯ ನಿಮ್ಮ ಕಾಲೇಜಿನ ಸರ್ವರ್‌ನಲ್ಲಿರುವ ಪುಟವನ್ನು ನೀವು ಚಿತ್ರದುರ್ಗದಲ್ಲಿ ಕುಳಿತು ತಿದ್ದಿದಾಗ, ಅದನ್ನು ಡಿಸ್ಕಿಗೆ ಬರೆಯುವುದು ನಿಮ್ಮ ಖಾತೆಯಲ್ಲ, ಅಪಾಚೆ ಯಾವ ಖಾತೆಯ ಹೆಸರಿನಲ್ಲಿ ನಡೆಯುತ್ತಿದೆಯೋ ಆ ಖಾತೆ. ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಅದು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ (www-data). ಅದಕ್ಕೆ ಓದುವ ಹಕ್ಕು ಮಾತ್ರ ಇದ್ದರೆ ಪುಟವನ್ನು ತೋರಿಸಬಲ್ಲದು, ಬದಲಿಸಲಾರದು. ಆದ್ದರಿಂದ ತಿದ್ದಬೇಕಾದ ಫೋಲ್ಡರನ್ನಷ್ಟೇ ಆ ಖಾತೆಯ ಒಡೆತನಕ್ಕೆ ಕೊಡಿ. ಅವಸರದಲ್ಲಿ ಹಲವರು ಮಾಡುವಂತೆ ಫೋಲ್ಡರಿಗೆ 777 ಎಂಬ ಅನುಮತಿ ಸಂಖ್ಯೆ ಕೊಟ್ಟರೆ ಸರ್ವರ್‌ನಲ್ಲಿರುವ ಎಲ್ಲ ಖಾತೆಗಳಿಗೂ ಬರೆಯುವ ಹಕ್ಕು ಸಿಗುತ್ತದೆ. ಇಬ್ಬರು ಒಂದೇ ಪುಟವನ್ನು ಏಕಕಾಲಕ್ಕೆ ತಿದ್ದದಂತೆ ತಡೆಯುವ ಬೀಗದ ದಾಖಲೆಯನ್ನೂ ಇದೇ ಖಾತೆ ಬರೆಯುವುದರಿಂದ, ಅಪಾಚೆಯ ಸಂರಚನೆಯಲ್ಲಿನ ಡ್ಯಾವ್‌ಲಾಕ್‌ಡಿಬಿ (DavLockDB) ಸೂಚನೆಯಲ್ಲಿ ಹೆಸರಿಸಿದ ಕಡತವಿರುವ ಫೋಲ್ಡರಿಗೂ ಅನುಮತಿ ಬೇಕು. ಪಾಸ್‌ವರ್ಡ್ ಮತ್ತು ಎಚ್‌ಟಿಟಿಪಿಎಸ್ (ಗೂಢಲಿಪಿಯಲ್ಲಿ ಮಾಹಿತಿ ಸಾಗಿಸುವ ಸಂಪರ್ಕ) ಇಲ್ಲದೆ ವೆಬ್‌ಡ್ಯಾವ್ ಅನ್ನು ಅಂತರ್ಜಾಲಕ್ಕೆ ತೆರೆಯಬೇಡಿ.