‘ಮನೇಲಿ ಗೊತ್ತಾದ್ರೆ ಮೊಬೈಲ್ ಕಿತ್ಕೋತಾರೆ’: ಡೊಂಬಿವಲಿಯ ಒಂದು ಪ್ರಕರಣ

ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯನ್ನು ಸೌಮ್ಯಾ ಎಂದು ಕರೆಯೋಣ. ವಯಸ್ಸು 19, ಮನೆ ಮುಂಬೈ ಹತ್ತಿರದ ಡೊಂಬಿವಲಿ. ತಂದೆ ಕುಂದಾಪುರ ಕಡೆಯವರು, ಹೋಟೆಲಿನಲ್ಲಿ ಕೆಲಸ. ಮಗಳು ಕಾಲೇಜಿಗೆ ಹೋಗಲ್ಲ ಅಂತಾಳೆ, ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ತಾಯಿ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆತಂದರು. ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ವಿಷಯ ಬಂತು.

ಕ್ಲಾಸಿನ ಹುಡುಗನೊಬ್ಬನ ಜೊತೆ ಪ್ರೀತಿ. ಶುರುವಿನಲ್ಲೇ ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೇಳಿದ, ಕೊಟ್ಟಳು. ಆಮೇಲೆ ಲೊಕೇಶನ್ ಸದಾ ಆನ್ ಇರಬೇಕು. ರಾತ್ರಿ ಆನ್‌ಲೈನ್ ಕಂಡರೆ ‘ಯಾರ ಜೊತೆ ಚಾಟ್?’ ಅವಳ ಫೋಟೋಗೆ ಯಾವ ಹುಡುಗ ಲೈಕ್ ಹಾಕಿದ ಎಂಬುದಕ್ಕೂ ಜಗಳ.

“ಸ್ವಲ್ಪ ಪೊಸೆಸಿವ್. ಎಲ್ಲರೂ ಹೀಗೇ ಅಲ್ವಾ ಮೇಡಂ?”

“ಅವನ ಪಾಸ್‌ವರ್ಡ್ ನಿನ್ನ ಹತ್ರ ಇತ್ತಾ?”

“ಇಲ್ಲ.”

“ಕೊಡಲ್ಲ ಅಂದಿದ್ರೆ?”

“ಮಾತು ಬಿಡ್ತಿದ್ದ.”

ಹೊಟ್ಟೆಕಿಚ್ಚು ಪಡುವವನೇ ನಿಜವಾಗಿ ಪ್ರೀತಿಸುವವನು ಎಂದು ತೋರಿಸುವ ರೀಲ್ಸ್‌ಗಳನ್ನು ಈ ಮಕ್ಕಳು ದಿನವೂ ನೋಡುತ್ತಾರೆ. ಹಾಗಾಗಿ ಕಾವಲು ಕಾಯುವುದು ಅವರಿಗೆ ಕಾಳಜಿಯಂತೆ ಕಾಣುತ್ತದೆ. ಕಿರುಕುಳ ಇಲ್ಲಿಂದಲೇ ಶುರುವಾಗಿತ್ತು ಎಂಬುದು ಅವಳಿಗೆ ತಾನಾಗಿ ಹೊಳೆಯಲಿ ಎಂದು ಆ ದಿನ ಇದೇ ಮಾತಿನಲ್ಲಿ ತುಂಬ ಹೊತ್ತು ಕಳೆದೆವು.

ಅವನ ಒತ್ತಾಯಕ್ಕೆ ಒಂದು ಖಾಸಗಿ ಫೋಟೋವನ್ನು ‘ವ್ಯೂ ಒನ್ಸ್’ (ಒಂದೇ ಸಲ ನೋಡಲು ಸಿಗುವಂತೆ) ಮಾಡಿ ಕಳಿಸಿದ್ದಳು. ಅವನು ಇನ್ನೊಂದು ಮೊಬೈಲಿನಲ್ಲಿ ಅದನ್ನು ಸೆರೆಹಿಡಿದಿಟ್ಟುಕೊಂಡಿದ್ದ. ಬ್ರೇಕಪ್ ಆದಮೇಲೆ ಹುಡುಗರ ವಾಟ್ಸಾಪ್ ಗ್ರೂಪಿಗೆ ಹಾಕಿದ. ಕ್ಯಾಂಟೀನಿನಲ್ಲಿ ಸನ್ನೆ, ನಗು. ಫೇಕ್ ಐಡಿಗಳಿಂದ ರೇಟ್ ಕೇಳುವ ಮೆಸೇಜು. ಗ್ರೂಪಿನಲ್ಲಿದ್ದ ಒಬ್ಬ ಹುಡುಗ ಮಾತ್ರ ಸ್ಕ್ರೀನ್‌ಶಾಟ್ ತೆಗೆದು ಅವಳಿಗೆ ತಿಳಿಸಿದ್ದ.

ಮನೆಯಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಮೊಬೈಲ್ ಕಿತ್ಕೋತಾರೆ. ಕಾಲೇಜು ಬಿಡಿಸಿ ಊರಿಗೆ ಕಳಿಸ್ತಾರೆ.” ಆ ಹುಡುಗನಿಗಿಂತ ಮನೆಯವರ ಭಯವೇ ಜಾಸ್ತಿ. ಇದು ನನಗೆ ಬಹಳ ನೋವು ಕೊಡುವ ಮಾತು. ಈ ಭಯವನ್ನು ನಂಬಿಕೊಂಡೇ ಇಂಥ ಹುಡುಗರು ಧೈರ್ಯ ಮಾಡುತ್ತಾರೆ.

ನಾನು ಮೊದಲು ಹೇಳಿದ್ದು, ತಪ್ಪು ನಿನ್ನದಲ್ಲ ಎಂದು. ಸುಮ್ನೆ ಸಮಾಧಾನಕ್ಕೆ ಹೇಳಿದ ಮಾತಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಹೀಗೆ ಹೇಳುತ್ತದೆ: ಅಂಥ ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ, ಬೇರೆಯವರಿಗೆ ಕೊಡಲು ಒಪ್ಪಿರದಿದ್ದರೆ, ಹಂಚಿದವನು ಅಪರಾಧಿ. ಇದನ್ನು ಅವಳಿಂದಲೇ ಓದಿಸಿದೆ. ಅತ್ತಳು. ಅಳಲು ಬಿಟ್ಟೆ.

ಆಮೇಲೆ ಕೆಲಸದ ಮಾತು. ಚಾಟ್ ಅಳಿಸಬೇಡ. ಬ್ಲಾಕ್ ಮಾಡುವ ಮೊದಲು ಐಡಿ, ತಾರೀಖು, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡು. ಪಾಸ್‌ವರ್ಡ್ ಬದಲಿಸು, ಲೊಕೇಶನ್ ಆಫ್ ಮಾಡು. ಖಾಸಗಿ ಚಿತ್ರಗಳು ಒಪ್ಪಿಗೆಯಿಲ್ಲದೆ ಹರಡುವುದನ್ನು ತಡೆಯಲೆಂದೇ ಇರುವ ‘ಸ್ಟಾಪ್ ಎನ್‌ಸಿಐಐ’ ಎಂಬ ಜಾಲತಾಣದಲ್ಲಿ ಆ ಫೋಟೋವನ್ನು ನೋಂದಾಯಿಸಬಹುದು. ಹಾಗೆ ಮಾಡುವಾಗ ಫೋಟೋ ನಮ್ಮ ಮೊಬೈಲಿನಿಂದ ಹೊರಗೆ ಹೋಗುವುದಿಲ್ಲ. ಅದರ ಡಿಜಿಟಲ್ ಗುರುತು ಮಾತ್ರ ಹೋಗುತ್ತದೆ. ಆ ಗುರುತು ಹಿಡಿದು ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥವು ಆ ಚಿತ್ರವನ್ನು ತಡೆಯಬಲ್ಲವು. ಇದನ್ನು ಅಲ್ಲೇ ಕೂತು ಮಾಡಿದೆವು.

2015ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಂತೆ ಲೈಂಗಿಕ ಕಿರುಕುಳದ ದೂರು ವಿಚಾರಿಸಲು ಕಾಲೇಜಿನಲ್ಲಿ ಆಂತರಿಕ ದೂರು ಸಮಿತಿ ಇರಲೇಬೇಕು. ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, 90 ದಿನದಲ್ಲಿ ವಿಚಾರಣೆ ಮುಗಿಯಬೇಕು. ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್, ಪೊಲೀಸ್ ಠಾಣೆಯ ದಾರಿಯನ್ನೂ ವಿವರಿಸಿದೆ. ಮೊದಲು ಕಾಲೇಜಿನಲ್ಲಿ ಕೊಡುತ್ತೇನೆ ಎಂದಳು. ತೀರ್ಮಾನ ಅವಳದೇ.

ಅವಳು ಒಪ್ಪಿದ ಮೇಲೆ ತಾಯಿಯನ್ನು ಒಳಗೆ ಕರೆದೆ. ಕೇಳಿದವರೇ, “ಇವತ್ತೇ ಮೊಬೈಲ್ ಕಿತ್ಕೋತೀನಿ” ಎಂದರು.

“ಬೇಡಮ್ಮ. ಸಾಕ್ಷಿಯೆಲ್ಲ ಅದರಲ್ಲೇ ಇದೆ. ಈಗ ಕಿತ್ಕೊಂಡ್ರೆ ಇನ್ನೊಂದು ಸಲ ಏನಾದ್ರೂ ಇವಳು ನಿಮಗೆ ಹೇಳಲ್ಲ. ‘ಯಾಕೆ ಕಳಿಸ್ದೆ’ ಅಂತ ಕೇಳಬೇಡಿ. ಸ್ವಲ್ಪ ದಿನ ಬೆಳಗ್ಗೆ ಸ್ಟೇಷನ್‌ವರೆಗೆ ಜೊತೆಗೆ ಹೋಗಿ, ಲೇಡೀಸ್ ಡಬ್ಬಿ ಹತ್ತಿಸಿ ಬನ್ನಿ.”

ತಾಯಿ ಹಾಗೇ ಮಾಡಿದರು. ದೂರು ದಾಖಲಾಯಿತು. ಸ್ಕ್ರೀನ್‌ಶಾಟ್ ಕೊಟ್ಟ ಹುಡುಗ ಹೆದರುತ್ತಲೇ ಸಮಿತಿಯ ಮುಂದೆ ಹೇಳಿಕೆ ಕೊಟ್ಟ. ವಿಚಾರಣೆ ನಡೆಯುತ್ತಿದೆ. ಸೌಮ್ಯಾ ಕ್ಲಾಸಿಗೆ ಹೋಗುತ್ತಿದ್ದಾಳೆ, ಕ್ಯಾಂಟೀನಿಗೆ ಇನ್ನೂ ಹೋಗುತ್ತಿಲ್ಲ. ತಂದೆಗೆ ವಿಷಯ ಗೊತ್ತಿಲ್ಲ. ಪರೀಕ್ಷೆ ಮುಗಿದ ಮೇಲೆ ತಾಯಿ, ಮಗಳು ಸೇರಿ ಹೇಳುತ್ತಾರಂತೆ. ಹೇಳುವ ಮುಂಚೆ ಇಬ್ಬರೂ ಒಮ್ಮೆ ಬಂದು ಹೋಗಿ ಎಂದಿದ್ದೇನೆ.