ಇಲಿಬೋನಿನ ಕಾರು ಗಕ್ಕನೆ ನಿಲ್ಲುವುದೇಕೆ?

ಪ್ರಶ್ನೆ: ಭೌತಶಾಸ್ತ್ರದ ಪ್ರಾಜೆಕ್ಟ್‌ಗೆ ಇಲಿಬೋನಿನ ಸ್ಪ್ರಿಂಗ್‌ನಿಂದ ಓಡುವ ಕಾರು ಮಾಡಿದ್ದೇನೆ. ಚಕ್ರಕ್ಕೆ ಹಳೆಯ ಸಿಡಿ, 5 ಮಿ.ಮೀ. ದಪ್ಪದ ಆಕ್ಸಲ್ (ಚಕ್ರದ ಅಚ್ಚು), ಸ್ಪ್ರಿಂಗ್‌ಗೆ ಕಟ್ಟಿದ 10 ಸೆಂ.ಮೀ. ಲಿವರ್ (ಕಡ್ಡಿ). ಲಿವರ್‌ನ ತುದಿಯ ದಾರವನ್ನು ಆಕ್ಸಲ್‌ಗೆ ಸುತ್ತಿದ್ದೇನೆ. ಹೊರಡುವಾಗ ಚಕ್ರ ಜಾರುತ್ತದೆ. ನಾಲ್ಕು ಮೀಟರ್ ಒಳಗೇ ಗಕ್ಕನೆ ನಿಂತು, ಸ್ವಲ್ಪ ಹಿಂದಕ್ಕೂ ಬರುತ್ತದೆ. ಕನಿಷ್ಠ 10 ಮೀಟರ್ ಓಡಬೇಕು.
– ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ಹಿಂದಕ್ಕೆ ಬರುತ್ತದೆ ಎಂದಿರಲ್ಲ, ದೋಷ ಅಲ್ಲೇ ಗೊತ್ತಾಗುತ್ತದೆ. ದಾರವನ್ನು ಆಕ್ಸಲ್‌ಗೆ ಬಿಗಿಯಾಗಿ ಗಂಟು ಹಾಕಿದ್ದೀರಿ. ದಾರ ಪೂರ್ತಿ ಬಿಚ್ಚಿಕೊಂಡ ಮೇಲೂ ಚಕ್ರ ತಿರುಗುತ್ತಲೇ ಇರುವುದರಿಂದ ಅದು ಉಲ್ಟಾ ಸುತ್ತಿಕೊಂಡು ಸ್ಪ್ರಿಂಗನ್ನು ಮತ್ತೆ ಎಳೆಯುತ್ತದೆ, ಅದೇ ಬ್ರೇಕ್. ಆಕ್ಸಲ್‌ಗೆ ಕೇಬಲ್ ಟೈ ಬಿಗಿದು, ಅರ್ಧ ಸೆಂ.ಮೀ. ಬಾಲ ಉಳಿಸಿ ಕತ್ತರಿಸಿ. ದಾರದ ತುದಿಗೆ ಸಡಿಲವಾದ ಕುಣಿಕೆ ಮಾಡಿ ಆ ಬಾಲಕ್ಕೆ ಸಿಕ್ಕಿಸಿದರೆ, ಕೊನೆಯ ಸುತ್ತಿನಲ್ಲಿ ತಾನೇ ಕಳಚಿಕೊಳ್ಳುತ್ತದೆ.

ಈಗ ದೂರ. ಲಿವರ್ ಸುಮಾರು ಅರ್ಧ ಸುತ್ತು ತಿರುಗುವಾಗ ತನ್ನ ಉದ್ದದ ಎರಡರಷ್ಟು ದಾರ ಎಳೆಯುತ್ತದೆ. ನಿಮ್ಮದರಲ್ಲಿ 20 ಸೆಂ.ಮೀ., ಅಂದರೆ ಆಕ್ಸಲ್ ಮೇಲೆ 13 ಸುತ್ತಿಗಿಂತ ಕಡಿಮೆ. ಸಿಡಿಯ ಸುತ್ತಳತೆ 37.7 ಸೆಂ.ಮೀ.; ಒಟ್ಟು 4.8 ಮೀಟರ್, ಅದರಲ್ಲೂ ಜಾರಿದ್ದು ನಷ್ಟ. ಹಳೆಯ ಛತ್ರಿ ಕಡ್ಡಿಯಿಂದ 30 ಸೆಂ.ಮೀ. ಲಿವರ್ ಮಾಡಿ: 38 ಸುತ್ತು, 14 ಮೀಟರ್ ಸಿಗುತ್ತದೆ. ತುದಿಯ ಎಳೆತ ಮೂರನೇ ಒಂದು ಪಾಲಿಗೆ ಇಳಿಯುವುದರಿಂದ ಜಾರುವುದೂ ತಗ್ಗುತ್ತದೆ. ಸ್ಪ್ರಿಂಗ್ ಹಿಂದಕ್ಕೆ ಎಳೆದಾಗ ಲಿವರ್‌ನ ತುದಿ ಸರಿಯಾಗಿ ಆಕ್ಸಲ್ ಮೇಲೆ ಬರುವಂತೆ ಬೋನನ್ನು ಮುಂದಕ್ಕೆ ಸರಿಸಿ ಕೂರಿಸಿ. ಹಿಂದಿನ ಸಿಡಿಗಳ ಅಂಚಿಗೆ ಬಲೂನಿನ ಪಟ್ಟಿ ಹಾಕಿ.

ಆದರೆ ಎಳೆತ ಕಡಿಮೆಯಾದಾಗ ಘರ್ಷಣೆಯೇ ಗೆಲ್ಲಬಹುದು, ಕಾರು ಅಲ್ಲಾಡದೇ ಇರಬಹುದು. ಮೊದಲು ಕಾರನ್ನು ಎತ್ತಿ ಹಿಡಿದು, ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ. ಬೇಗ ನಿಂತರೆ ಆಕ್ಸಲ್ ಕೂತ ತೂತು ಬಿಗಿ, ಅಥವಾ ಸಿಡಿ ಚೌಕಟ್ಟಿಗೆ ಉಜ್ಜುತ್ತಿದೆ. ನಡುವೆ ಒಂದು ವಾಷರ್ ಹಾಕಿ, ತೂತಿಗೆ ಪೆನ್ಸಿಲ್ ಸೀಸದ ಪುಡಿ ಉದುರಿಸಿ. ಸಿಡಿಯ ತೂತು 15 ಮಿ.ಮೀ.; ಬಾಟಲಿ ಮುಚ್ಚಳದ ನಟ್ಟನಡುವೆ ರಂಧ್ರ ಕೊರೆದು ಅಂಟಿಸದಿದ್ದರೆ ಚಕ್ರ ಓಲಾಡುತ್ತದೆ.

ಪ್ರಶ್ನೆ: ಸ್ಪ್ರಿಂಗ್‌ನ ಶಕ್ತಿಯಲ್ಲಿ ಎಷ್ಟು ಚಲನ ಶಕ್ತಿಯಾಯಿತು ಎಂದು ವರದಿಯಲ್ಲಿ ತೋರಿಸುವುದು ಹೇಗೆ?

ಉತ್ತರ: ಲಿವರ್‌ನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಲಿವರ್‌ಗೆ ಲಂಬವಾಗಿಯೇ ಎಳೆಯುತ್ತ ಪ್ರತಿ 30 ಡಿಗ್ರಿಗೆ ಬಲ ಓದಿಕೊಳ್ಳಿ. ಬಲವನ್ನು ಲಿವರ್‌ನ ಉದ್ದದಿಂದ ಗುಣಿಸಿದರೆ ಟಾರ್ಕ್, ಅಂದರೆ ತಿರುಗಿಸುವ ಪರಿಣಾಮ. ಕೋನವನ್ನು ರೇಡಿಯನ್‌ನಲ್ಲಿಟ್ಟು (180 ಡಿಗ್ರಿ ಎಂದರೆ 3.14 ರೇಡಿಯನ್) ಕೋನಕ್ಕೆ ಎದುರಾಗಿ ಟಾರ್ಕ್‌ನ ನಕ್ಷೆ ಬಿಡಿಸಿ. ಗೆರೆಯ ಕೆಳಗಿನ ವಿಸ್ತೀರ್ಣವೇ ಶಕ್ತಿ. ದಾರ ಕಳಚಿದ ಕ್ಷಣದ ವೇಗವನ್ನು ಮೊಬೈಲ್ ವಿಡಿಯೋದ ಫ್ರೇಮ್ ಎಣಿಸಿ, ನೆಲದ ಟೈಲ್ಸ್ ಅಳತೆಯಿಂದ ಲೆಕ್ಕ ಹಾಕಿ. ಹೆಚ್ಚಿನವರು ಬಿಡುವುದು ಚಕ್ರ ತಿರುಗುವ ಶಕ್ತಿಯನ್ನು: ಕಾರಿನ ಒಟ್ಟು ದ್ರವ್ಯರಾಶಿಗೆ ಸಿಡಿಗಳ ದ್ರವ್ಯರಾಶಿಯ ಅರ್ಧವನ್ನು ಮತ್ತೆ ಕೂಡಿಸಿ ½mv² (m ಈ ದ್ರವ್ಯರಾಶಿ, v ವೇಗ) ಕಂಡುಹಿಡಿದರೆ ಅದೂ ಸೇರುತ್ತದೆ.